ಮಾತೆ ಕುಡಿಯಲು ಯಾವ ಬುರುಡೆ: ಸೋರೆ, ಮರ, ಗಾಜು, ಸ್ಟೀಲ್, ಕೊಂಬು

ನನ್ನ ಮೊದಲ ಮಾತೆ ಬುರುಡೆ ಹನ್ನೊಂದು ದಿನ ಬಾಳಿತು. ಮಾತೆ ಅಂದರೆ ದಕ್ಷಿಣ ಅಮೆರಿಕದ ಒಂದು ಎಲೆಯ ಪಾನೀಯ, ಬುರುಡೆ ಅಂದರೆ ಅದನ್ನು ಕುಡಿಯುವ ಪಾತ್ರೆ. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನ ಸಾನ್ ತೆಲ್ಮೊ ಬಡಾವಣೆಯಲ್ಲಿ ಭಾನುವಾರ ಬೀದಿ ಸಂತೆ ನಡೆಯುತ್ತದೆ. ಅಲ್ಲಿ ಕೊಂಡಿದ್ದೆ. ಅಂಗೈಗೆ ಸರಿಯಾಗಿ ಕೂರುತ್ತಿತ್ತು. ಬಾಯಿಗೆ ಹೊಳೆಯುವ ಲೋಹದ ಪಟ್ಟಿ, ಮೈಮೇಲೆ ಬಳ್ಳಿಯ ಕೆತ್ತನೆ. ಒಂದು ಶುಕ್ರವಾರ ಸಂಜೆ ಕುಡಿದವಳು ಒಳಗಿನ ಒದ್ದೆ ಸೊಪ್ಪು ತೆಗೆಯದೆ ಹಾಗೇ ಅಡುಗೆಕಟ್ಟೆ ಮೇಲೆ ಬಿಟ್ಟು ಎರಡು ದಿನ ಹೊರಗೆ ಹೋದೆ. ಬಂದು ನೋಡಿದರೆ ಸೊಪ್ಪಿನ ಮೇಲೆ ಬೆಳ್ಳಗೆ ಬೂಷ್ಟು. ಗಾಬರಿಯಲ್ಲಿ ಪಾತ್ರೆ ಸೋಪು ಹಾಕಿ ಉಜ್ಜಿ ತೊಳೆದೆ. ಆಮೇಲೆ ಎಷ್ಟು ಸಲ ಬಿಸಿನೀರು ಹಾಕಿದರೂ ಬೂಷ್ಟಿನ ವಾಸನೆಯ ಜೊತೆಗೆ ಸೋಪಿನ ವಾಸನೆ.

ಕೆಳಗಿನ ಮನೆಯಲ್ಲಿದ್ದ ಮಾಲಕಿ ಎಪ್ಪತ್ತು ದಾಟಿದ ಅಜ್ಜಿ. ಬುರುಡೆಯನ್ನು ಮೂಗಿನ ಹತ್ತಿರ ಹಿಡಿದು ಒಂದು ಸಲ ಮೂಸಿದರು, ಪಕ್ಕಕ್ಕಿಟ್ಟರು. "ಮಗಳೇ, ನೀನು ದಿನಾ ಕುಡೀತೀಯಾ, ಇಲ್ಲಾ ನೆನಪಾದಾಗ ಕುಡೀತೀಯಾ?" ಅಂತ ಕೇಳಿದರು.

ಬುರುಡೆ ಆರಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ಬೆಲೆ, ಬಣ್ಣ, ಕೆತ್ತನೆ ಎಲ್ಲ ಆಮೇಲೆ. ಸೋರೆ ಬುರುಡೆ ದಿನಾ ಬಳಸಿದರೆ ವರ್ಷಗಟ್ಟಲೆ ಬರುತ್ತದೆ. ವಾರಕ್ಕೊಮ್ಮೆ ಬಳಸಿದರೆ ಕೆಡುತ್ತದೆ. ನಮ್ಮ ಮನೆಯ ಕಬ್ಬಿಣದ ದೋಸೆ ಕಾವಲಿ ಇದೆಯಲ್ಲ, ಹಾಗೇ. ದಿನಾ ಒಲೆ ಮೇಲೇರುವ ಕಾವಲಿ ನುಣ್ಣಗೆ ಇರುತ್ತದೆ, ಮೂಲೆಗಿಟ್ಟ ಕಾವಲಿಗೆ ತುಕ್ಕು ಹಿಡಿಯುತ್ತದೆ.

ಮಾತೆ ಅಂದರೇನು ಅಂತ ಹೊಸಬರಿಗೆ ಎರಡು ಮಾತು. ದಕ್ಷಿಣ ಅಮೆರಿಕದ ಒಂದು ಮರದ ಎಲೆಯನ್ನು ಒಣಗಿಸಿ, ಪುಡಿ ಮಾಡಿ, ಬಿಸಿನೀರು ಹಾಕಿ, ಲೋಹದ ಕೊಳವೆಯಲ್ಲಿ ಹೀರುವ ಪಾನೀಯ. ಕಾಫಿ, ಚಹಾದಲ್ಲಿರುವ ಕೆಫೀನ್ ಇದರಲ್ಲೂ ಇದೆ. ಸೊಪ್ಪಿಗೆ ಯೆರ್ಬಾ ಅಂತಾರೆ, ಕೊಳವೆಗೆ ಬೊಂಬಿಶಾ. ಗ್ವಾರಾನಿ ಜನ ಯುರೋಪಿನವರು ಬರುವ ಮೊದಲಿನಿಂದ ಇದನ್ನು ಬಳಸುತ್ತಿದ್ದರು. ಈಗ ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ, ದಕ್ಷಿಣ ಬ್ರೆಜಿಲ್‌ಗಳಲ್ಲಿ ಮನೆಮನೆಯಲ್ಲೂ ಇದೆ. ಅರ್ಜೆಂಟೀನಾದಲ್ಲಿ ನವೆಂಬರ್ 30 ಮಾತೆ ದಿನ. ಸ್ಪ್ಯಾನಿಷ್‌ನಲ್ಲಿ ಉಚ್ಚಾರ ಹೆಚ್ಚುಕಡಿಮೆ ನಮ್ಮ 'ಮಾತೆ'ಯ ಹಾಗೇ. ಮೊದಲ ವಾರ ಆಫೀಸಿನಲ್ಲಿ ಯಾರಾದರೂ "ಮಾತೆ?" ಅಂತ ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು.

ಆ ಹೆಸರು ಕೂಡ ಪಾನೀಯದ್ದಲ್ಲ, ಪಾತ್ರೆಯದ್ದು. ದಕ್ಷಿಣ ಅಮೆರಿಕದ ಕೆಚುವಾ ಭಾಷೆಯಲ್ಲಿ 'ಮಾತಿ' ಅಂದರೆ ಸೋರೆ ಬುರುಡೆಯ ಪಾತ್ರೆ. ಪಾತ್ರೆಯ ಹೆಸರೇ ಕುಡಿಯುವ ವಸ್ತುವಿಗೆ ಅಂಟಿಕೊಂಡಿತು. ಆ ಜನ ಬುರುಡೆಗೆ ಎಷ್ಟು ಬೆಲೆ ಕೊಡುತ್ತಾರೆ ಅನ್ನುವುದಕ್ಕೆ ಇದೊಂದೇ ಸಾಕು.

ಸೋರೆ ಬುರುಡೆ

ಅಲ್ಲಿನವರು ಇದಕ್ಕೆ ಕಲಬಾಸಾ ಅಥವಾ ಪೊರೊಂಗೊ ಅನ್ನುತ್ತಾರೆ. ಇದು ಬೇರೆ ಯಾವುದೋ ವಿದೇಶಿ ಕಾಯಿ ಅಲ್ಲ. ನಾವು ಸಾರು, ಪಲ್ಯ ಮಾಡುವ ಸೋರೆಕಾಯಿಯ ಜಾತಿಯೇ. ಆಫ್ರಿಕಾ ಮೂಲದ ಬಳ್ಳಿ, ಎರಡೂ ಕಡೆಗೆ ಸಾವಿರಾರು ವರ್ಷಗಳ ಹಿಂದೆಯೇ ಬಂದು ಸೇರಿದೆ. ನಮ್ಮಲ್ಲೂ ಬಲಿತ ಸೋರೆಯನ್ನು ಒಣಗಿಸಿ ಹೊಲಕ್ಕೆ ನೀರು ಒಯ್ಯುತ್ತಿದ್ದರು, ಬಿತ್ತನೆ ಬೀಜ ಇಡುತ್ತಿದ್ದರು, ಈಜು ಕಲಿಯುವ ಮಕ್ಕಳ ಬೆನ್ನಿಗೆ ಕಟ್ಟುತ್ತಿದ್ದರು. ಏಕತಾರಿಯ ಬುರುಡೆಯೂ ಇದೇ. ನಾನು ಬ್ಯೂನಸ್ ಐರಿಸ್‌ನ ಅಂಗಡಿಯಲ್ಲಿ ಸಾಲಾಗಿ ಇಟ್ಟ ಬುರುಡೆಗಳನ್ನು ನೋಡಿದಾಗ ಮೊದಲು ನೆನಪಾಗಿದ್ದು ಅಜ್ಜನ ಮನೆಯ ಅಟ್ಟ.

ಸೋರೆಯಲ್ಲಿ ಕುಡಿದ ಮಾತೆಯ ರುಚಿಯೇ ಬೇರೆ, ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ. ಬುರುಡೆಯ ಗೋಡೆ ಸ್ವಲ್ಪ ನೀರು ಹೀರುತ್ತದೆ. ದಿನದಿಂದ ದಿನಕ್ಕೆ ಸೊಪ್ಪಿನ ಸಾರ ಒಳಗೆ ಇಳಿಯುತ್ತದೆ. ಆರು ತಿಂಗಳು ಬಳಸಿದ ಬುರುಡೆಯಲ್ಲಿ ಕಹಿ ಚೂಪಾಗಿ ನಾಲಿಗೆಗೆ ತಾಗುವುದಿಲ್ಲ, ಒಂಥರಾ ದುಂಡಗಾಗುತ್ತದೆ. ಕೈಗೂ ಹಿತ. ಒಳಗೆ ನೀರು ಸುಡುತ್ತಿದ್ದರೂ ಹೊರಗೆ ಬೆಚ್ಚಗಷ್ಟೇ ಇರುತ್ತದೆ.

ಆದರೆ ಇದೇ ಗುಣ ಇದರ ತೊಂದರೆಯೂ ಹೌದು. ನೀರು ಹೀರುವ ಗೋಡೆ ವಾಸನೆಯನ್ನೂ ಹೀರುತ್ತದೆ. ಸಕ್ಕರೆ ಹಾಕಿ ಕುಡಿಯುವವರು, ಹಾಲು ಹಾಕಿ ಕುಡಿಯುವವರು ಅಲ್ಲಿದ್ದಾರೆ. ಆದರೆ ಕಹಿ ಮಾತೆಗೆ ಒಂದು ಬುರುಡೆ, ಸಿಹಿಗೆ ಇನ್ನೊಂದು ಅಂತ ಬೇರೆಯೇ ಇಡುತ್ತಾರೆ. ಹಾಲಿಗಂತೂ ಸೋರೆ ಬೇಡವೇ ಬೇಡ. ಎರಡೇ ದಿನಕ್ಕೆ ಹುಳಿ ವಾಸನೆ ಬರುತ್ತದೆ.

ಕೊಳ್ಳುವಾಗ ನಾನು ಏನೇನು ನೋಡುತ್ತೇನೆ ಅಂತ ಹೇಳುತ್ತೇನೆ. ಮೊದಲು ತೂಕ. ಒಂದೇ ಗಾತ್ರದ ನಾಲ್ಕು ಬುರುಡೆ ಕೈಗೆ ತೆಗೆದುಕೊಂಡು ನೋಡಿ, ಜಾಸ್ತಿ ಭಾರ ಇರುವುದರ ಗೋಡೆ ದಪ್ಪ. ದಪ್ಪ ಗೋಡೆ ಬಿಸಿ ಹಿಡಿದಿಡುತ್ತದೆ, ಬೇಗ ಬಿರುಕು ಬಿಡುವುದಿಲ್ಲ. ಆಮೇಲೆ ಬಾಯಿಯ ಅಂಚಿನಲ್ಲಿ ಹೆಬ್ಬೆರಳು, ತೋರುಬೆರಳು ಇಟ್ಟು ಸುತ್ತ ಒಂದು ಸುತ್ತು ತಿರುಗಿಸಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಕಾಗದದ ಹಾಗೆ ತೆಳು ಇದ್ದರೆ ಬಿಟ್ಟುಬಿಡಿ. ಬೆರಳ ಗೆಣ್ಣಿನಿಂದ ತಟ್ಟಿ. ಒಳ್ಳೆ ಬುರುಡೆ ಟಣ್ ಅನ್ನುತ್ತದೆ. ಡಬಡಬ ಅಂದರೆ ಎಲ್ಲೋ ಸೀಳಿದೆ. ಬೆಳಕಿಗೆ ಹಿಡಿದು ಒಳಗೆ ಇಣುಕಿ. ಒಳಗೆ ಮೆತ್ತನೆ ಬಿಳಿ ತಿರುಳಿನ ಪದರ ಇದ್ದರೆ ಪರವಾಗಿಲ್ಲ, ಅದನ್ನು ಕೆರೆಯಬಹುದು. ವಾರ್ನಿಷ್ ಹಚ್ಚಿ ಮಿಂಚುತ್ತಿದ್ದರೆ ಮಾತ್ರ ಬೇಡ. ಅದು ಷೋಕೇಸಿಗೆ ಮಾಡಿದ್ದು, ಕುಡಿಯುವುದಕ್ಕಲ್ಲ.

ಕೊನೆಗೆ ಮೇಜಿನ ಮೇಲಿಟ್ಟು ನೋಡಿ. ನೆಟ್ಟಗೆ ನಿಲ್ಲುತ್ತದಾ? ಕೆಲವಕ್ಕೆ ಮೂರು ಕಾಲಿನ ಸ್ಟ್ಯಾಂಡ್ ಬೇಕು, ಕೆಲವಕ್ಕೆ ಚರ್ಮದ ಬುಡ ಹೊಲಿದಿರುತ್ತಾರೆ. ಈ ವಿಷಯ ಅಂಗಡಿಯಲ್ಲಿ ಚಿಕ್ಕದಾಗಿ ಕಾಣುತ್ತದೆ. ಮನೆಗೆ ತಂದು ಲ್ಯಾಪ್‌ಟಾಪ್ ಪಕ್ಕ ಇಟ್ಟಾಗ ಇದರ ಬೆಲೆ ಗೊತ್ತಾಗುತ್ತದೆ.

ಆಕಾರಗಳಿಗೆ ಒಂದೊಂದು ಹೆಸರಿದೆ. 'ಕಮಿಯೊನೆರೊ' ಅಂದರೆ ಲಾರಿ ಡ್ರೈವರ್. ಕುಳ್ಳಗೆ, ಅಗಲ ಬಾಯಿಯದ್ದು, ಒಂದೇ ಕೈಯಲ್ಲಿ ಹಿಡಿಯಲು ಸಲೀಸು. 'ತೊರ್ಪೆದೊ' ಕೆಳಗೆ ಚೂಪಾಗಿ ಇಳಿಯುತ್ತದೆ. 'ಇಂಪೆರಿಯಾಲ್' ಎಲ್ಲಕ್ಕಿಂತ ದುಬಾರಿ. ಸೋರೆಯ ಮೇಲೆ ಪೂರ್ತಿ ಚರ್ಮ ಹೊಲಿದು, ಬಾಯಿಗೆ ಅಗಲವಾದ ಕೆತ್ತನೆಯ ಲೋಹದ ಪಟ್ಟಿ ಕೂರಿಸುತ್ತಾರೆ. ಈ ಪಟ್ಟಿಗೆ ವಿರೋಲಾ ಅಂತ ಹೆಸರು. ಬಹುಪಾಲು ವಿರೋಲಾಗಳು 'ಅಲ್ಪಾಕಾ' ಲೋಹದವು. ನೋಡಲು ಬೆಳ್ಳಿ, ಆದರೆ ತಾಮ್ರ, ಸತು, ನಿಕಲ್ ಸೇರಿಸಿದ್ದು, ಬೆಳ್ಳಿ ಒಂದು ಚೂರೂ ಇರುವುದಿಲ್ಲ. ನಿಕಲ್ ಒಗ್ಗದ ಚರ್ಮದವರು ಇದನ್ನು ನೆನಪಿಡಿ. ನಿಜವಾದ ಬೆಳ್ಳಿ ಬೇಕಿದ್ದರೆ ಬ್ಯೂನಸ್ ಐರಿಸ್ ಪ್ರಾಂತ್ಯದ ಸಾನ್ ಅಂತೋನಿಯೊ ದೆ ಅರೆಕೊ ಅನ್ನುವ ಊರು ಅಕ್ಕಸಾಲಿಗರಿಗೆ ಹೆಸರುವಾಸಿ. ಅಲ್ಲಿ ಕಿಟಕಿಯಲ್ಲಿಟ್ಟ ಕೆಲಸ ನೋಡಿ ಬರುವುದೇ ಒಂದು ಖುಷಿ.

ಚರ್ಮ ಹೊಲಿದ ಬುರುಡೆ ಚೆಂದ, ಆದರೆ ಮೊದಲ ಬುರುಡೆಯಾಗಿ ನಾನು ಹೇಳುವುದಿಲ್ಲ. ಒಳಗೆ ಸಣ್ಣ ಸೋರಿಕೆ ಆದರೂ ಹೊರಗೆ ಕಾಣುವುದಿಲ್ಲ. ಚರ್ಮ ನೆನೆದು ವಾಸನೆ ಬಂದಾಗಲೇ ಗೊತ್ತಾಗುವುದು. ಬರೀ ಮೈಯ ಸೋರೆಯಾದರೆ ಏನಾಗುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ, ಪಳಗಿಸುವುದೂ ಕಲಿತಂತಾಗುತ್ತದೆ.

ಮರ

ಮರದ ಬುರುಡೆಗಳಲ್ಲಿ ಎರಡು ಮರ ಮುಖ್ಯ. ಒಂದು ಅಲ್ಗರೋಬೊ. ಇದು ನಮ್ಮ ಬನ್ನಿ ಮರದ, ಬಳ್ಳಾರಿ ಜಾಲಿಯ ಹತ್ತಿರದ ನೆಂಟ. ಗಟ್ಟಿ, ಕೆಂಪು ಮಿಶ್ರಿತ ಕಂದು, ರುಚಿಗೆ ಅಷ್ಟೇನೂ ಅಡ್ಡ ಬರುವುದಿಲ್ಲ. ಇನ್ನೊಂದು ಪಾಲೊ ಸಾಂತೊ. ಗ್ರಾನ್ ಚಾಕೊ ಕಾಡಿನದ್ದು. ಹಸಿರು ಛಾಯೆ, ಕಲ್ಲಿನಂಥ ಭಾರ, ರಾಳದ ಗಮ್ಮೆನ್ನುವ ವಾಸನೆ. ಧೂಪಕ್ಕೆ ಸುಡುವ ಪಾಲೊ ಸಾಂತೊ ಬೇರೆ ಮರ, ಹೆಸರು ಒಂದೇ ಅಷ್ಟೆ.

ಪಾಲೊ ಸಾಂತೊದಲ್ಲಿ ಮೊದಲ ತಿಂಗಳು ಮಾತೆಗಿಂತ ಮರದ ರುಚಿಯೇ ಜಾಸ್ತಿ. ಅದನ್ನೇ ಇಷ್ಟಪಡುವವರು ಬಹಳ ಜನ. ನನಗೆ ಆಗಲಿಲ್ಲ. ಆದರೆ ಕೊಳ್ಳಬೇಡಿ ಅನ್ನುವುದಕ್ಕೆ ನನ್ನ ಕಾರಣ ರುಚಿಯಲ್ಲ. ಈ ಮರವನ್ನು ಮಿತಿ ಮೀರಿ ಕಡಿದು, 2010ರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಹಾಕಿದ ಗಿಡಮರಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಶ್ರೀಗಂಧ ಕಳೆದುಕೊಂಡ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರವೇ ಬೇಕು ಅಂದರೆ ಅಲ್ಗರೋಬೊ ತಗೊಳ್ಳಿ.

ಮರದ ದೊಡ್ಡ ಶತ್ರು ಬಿರುಕು. ಒದ್ದೆಯಾಗಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಎರಡರ ನಡುವೆ ಒಂದು ದಿನ ಟಪ್ ಅಂತ ಸೀಳುತ್ತದೆ. ಹೊರಗೆ ಲೋಹದ ಪಟ್ಟಿ ಬಿಗಿದಿದ್ದರೆ ಸ್ವಲ್ಪ ರಕ್ಷೆ. ಸೋರೆಗಿಂತ ಗಟ್ಟಿ ಅಂತ ಕೆಲವರು ಮರ ಕೊಳ್ಳುತ್ತಾರೆ. ಬಿದ್ದರೆ ಒಡೆಯುವುದಿಲ್ಲ ನಿಜ, ಆದರೆ ಆರೈಕೆ ಕಡಿಮೆ ಏನಲ್ಲ.

ಗಾಜು, ಸ್ಟೀಲ್, ಪಿಂಗಾಣಿ, ಸಿಲಿಕೋನ್

ನೆನಪಾದಾಗ ಕುಡಿಯುವವರಿಗೆ ಇವೇ ಸರಿ. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಅಲ್ಲಿಯ ಆಫೀಸುಗಳಲ್ಲಿ ಅರ್ಧಕ್ಕರ್ಧ ಜನ ಇವನ್ನೇ ಬಳಸುತ್ತಿದ್ದುದನ್ನು ನಾನು ನೋಡಿದ್ದೇನೆ.

ಇವುಗಳಲ್ಲಿ ನನಗೆ ಇಷ್ಟ ಗಾಜಿನದ್ದು. ಒಳಗೆ ಗಾಜಿನ ಲೋಟ, ಹೊರಗೆ ಚರ್ಮದ ಹೊದಿಕೆ. ಗಾಜು ಯಾವ ವಾಸನೆಯನ್ನೂ ಹಿಡಿಯುವುದಿಲ್ಲ, ಇವತ್ತು ಒಂದು ಯೆರ್ಬಾ, ನಾಳೆ ಇನ್ನೊಂದು ಹಾಕಿ ರುಚಿ ಹೋಲಿಸಬಹುದು. ಹೊಸ ಯೆರ್ಬಾ ತಂದಾಗ ಅದರ ನಿಜವಾದ ರುಚಿ ತಿಳಿಯಲು ನಾನು ಈಗಲೂ ಮೊದಲು ಗಾಜಿನಲ್ಲೇ ಹಾಕುವುದು. ಒಂದೇ ಎಚ್ಚರಿಕೆ, ಹೊದಿಕೆ ಬಿಚ್ಚಿ ತೊಳೆಯುವ ಹಾಗಿರಲಿ. ಬಿಚ್ಚಲು ಬಾರದಿದ್ದರೆ ಗಾಜಿಗೂ ಚರ್ಮಕ್ಕೂ ನಡುವೆ ನೀರು ನಿಂತು ನಾರುತ್ತದೆ.

ಸ್ಟೀಲ್ ಆದರೆ ಎರಡು ಪದರದ್ದೇ ಕೊಳ್ಳಿ, ಒಂದು ಪದರದ್ದು ಕೈ ಸುಡುತ್ತದೆ. ಎರಡು ಪದರದ ಸ್ಟೀಲ್ ಬಿಸಿಯನ್ನು ಜಾಸ್ತಿ ಹೊತ್ತು ಹಿಡಿದಿಡುತ್ತದೆ. ಇದು ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಸೋರೆಯಲ್ಲಿ ನೀರಿನ ಬಿಸಿ ತಾನಾಗಿ ಸ್ವಲ್ಪ ಇಳಿಯುತ್ತದೆ. ಸ್ಟೀಲಿನಲ್ಲಿ ಇಳಿಯುವುದಿಲ್ಲ, ಹಾಗಾಗಿ ಸೊಪ್ಪು ಬೇಗ ಬೆಂದು ಕಹಿ ಬಿಡುತ್ತದೆ. ಸ್ಟೀಲಿಗೆ ನೀರು ಐದು ಡಿಗ್ರಿ ಕಡಿಮೆ ಬಿಸಿ ಇದ್ದರೆ ರುಚಿ ಸರಿಹೋಗುತ್ತದೆ. ಪ್ರಯಾಣಕ್ಕೆ, ಹಾಸ್ಟೆಲ್ಲಿಗೆ, ಆಫೀಸಿಗೆ ಇದರಷ್ಟು ಸಲೀಸು ಬೇರೆ ಇಲ್ಲ.

ಪಿಂಗಾಣಿ ಸುಲಭ, ಆದರೆ ಹೊರಮೈ ಬಿಸಿಯಾಗುತ್ತದೆ. ಸಿಲಿಕೋನ್ ಅಗ್ಗ, ಒಡೆಯುವುದಿಲ್ಲ, ಬುಡ ಹಿಂಡಿದರೆ ಹಳೆ ಸೊಪ್ಪು ಉದುರುತ್ತದೆ. ಕೈಯಲ್ಲಿ ಹಿಡಿದಾಗ ಮಾತೆ ಕುಡಿಯುತ್ತಿದ್ದೇನೆ ಅನ್ನಿಸುವುದಿಲ್ಲ, ಅಷ್ಟೆ.

ಕೊಂಬು

ಪರಾಗ್ವೆಯ ಕಥೆ ಬೇರೆ. ಅಲ್ಲಿ ಬೇಸಿಗೆ ನಮ್ಮ ರಾಯಚೂರು, ಕಲಬುರಗಿಯ ಹಾಗೆ. ಬಿಸಿನೀರಿನ ಬದಲು ಐಸ್ ಹಾಕಿದ ತಣ್ಣೀರಿನಲ್ಲಿ ಯೆರ್ಬಾ ಕುಡಿಯುತ್ತಾರೆ. ಇದಕ್ಕೆ ತೆರೆರೆ ಅಂತ ಹೆಸರು. ನೀರಿಗೆ ಪುದೀನ, ಮಜ್ಜಿಗೆಹುಲ್ಲು, ಇನ್ನೂ ಏನೇನೋ ಬೇರು ಸೊಪ್ಪು ಕುಟ್ಟಿ ಹಾಕುತ್ತಾರೆ. ರಾಜಧಾನಿ ಅಸುನ್ಸಿಯೋನ್‌ನ ಬೀದಿ ಬದಿಯಲ್ಲಿ ಮರದ ಒರಳಿನಲ್ಲಿ ಹೆಂಗಸರು ಗಿಡಮೂಲಿಕೆ ಕುಟ್ಟುವ ಸದ್ದು ಬೆಳಗ್ಗೆಯಿಂದಲೇ ಕೇಳುತ್ತದೆ. ಗ್ವಾರಾನಿಯಲ್ಲಿ ಈ ಮೂಲಿಕೆಗಳಿಗೆ ಪೊಹಾ ನ್ಯಾನಾ ಅಂತಾರೆ. ಈ ಜ್ಞಾನವನ್ನೂ ತೆರೆರೆಯನ್ನೂ 2020ರಲ್ಲಿ ಯುನೆಸ್ಕೊ ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು.

ತೆರೆರೆಯ ಪಾತ್ರೆ ಗ್ವಾಂಪಾ. ಎತ್ತಿನ ಕೊಂಬಿನ ಅಗಲ ಭಾಗ ಕತ್ತರಿಸಿ, ಬುಡಕ್ಕೆ ಮರದ ಬಿಲ್ಲೆ ಕೂರಿಸಿ, ನಯ ಮಾಡಿದ್ದು. ತಣ್ಣೀರಿಗೆ ತುಂಬಾ ಚೆನ್ನ. ಬಿಸಿನೀರು ಮಾತ್ರ ಹಾಕಲೇಬೇಡಿ. ಕೊಂಬು ಮೆತ್ತಗಾಗುತ್ತದೆ, ಬುಡದ ಬೆಸುಗೆ ಸಡಿಲವಾಗುತ್ತದೆ, ಸುಟ್ಟ ಕೂದಲಿನಂಥ ವಾಸನೆ ಹೊಡೆಯುತ್ತದೆ. ಕೊಂಬು ಒಗ್ಗದವರು, ಸಸ್ಯಾಹಾರದ ಮನೆಯವರು ಸುಮ್ನೆ ಸ್ಟೀಲ್ ಲೋಟದಲ್ಲಿ ತೆರೆರೆ ಮಾಡಿ, ರುಚಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಪರಾಗ್ವೆಯಲ್ಲೂ ಈಗ ಸ್ಟೀಲ್ ಗ್ವಾಂಪಾ ಸಾಮಾನ್ಯ. ನಮ್ಮ ಏಪ್ರಿಲ್ ತಿಂಗಳಿಗೆ ಲಿಂಬೆಹುಳಿ, ಪುದೀನ ಹಾಕಿದ ತೆರೆರೆಯನ್ನು ಒಮ್ಮೆಯಾದರೂ ಮಾಡಿ ನೋಡಿ.

ಬಾಯಿ ಎಷ್ಟು ಅಗಲ, ಹೊಟ್ಟೆ ಎಷ್ಟು ದೊಡ್ಡದು

ಪಾತ್ರೆಯನ್ನು ಸೊಪ್ಪಿಗೆ ಹೊಂದಿಸಬೇಕು. ಈ ಮಾತನ್ನು ಮಾರುವವರು ಹೇಳುವುದು ಕಡಿಮೆ.

ಅರ್ಜೆಂಟೀನಾದ ಯೆರ್ಬಾದಲ್ಲಿ ಎಲೆ ಒರಟು, ಕಡ್ಡಿ ತುಂಡುಗಳೂ ಇರುತ್ತವೆ. ತರಾಗ್ವಿ, ಅಮಾಂದಾ, ರೊಸಾಮೊಂತೆ ಬ್ರಾಂಡುಗಳ ಪ್ಯಾಕೆಟ್ ತೆರೆದು ನೋಡಿ, ಗೊತ್ತಾಗುತ್ತದೆ. ಇದಕ್ಕೆ ಮಧ್ಯಮ ಬಾಯಿಯ, 150ರಿಂದ 200 ಮಿಲಿ ಹಿಡಿಯುವ ಬುರುಡೆ ಸಾಕು. ಉರುಗ್ವೆಯವರು ಕಡ್ಡಿ ಇಲ್ಲದ, ನುಣ್ಣನೆ ಪುಡಿ ಜಾಸ್ತಿ ಇರುವ ಯೆರ್ಬಾ ಕುಡಿಯುತ್ತಾರೆ. ಸೊಪ್ಪನ್ನು ಒಂದು ಬದಿಗೆ ಗುಡ್ಡ ಮಾಡಿ, ಗಂಟೆಗಟ್ಟಲೆ ಅದು ಕುಸಿಯದ ಹಾಗೆ ನೀರು ಹಾಕುತ್ತಾರೆ. ಅದಕ್ಕೆ ಅಗಲ ಬಾಯಿಯ ದೊಡ್ಡ ಬುರುಡೆ ಬೇಕು. ಅಲ್ಲಿನ ರಾಜಧಾನಿ ಮೊಂತೆವಿದೇಯೊದ ನದಿಮುಖದ ದಂಡೆಯ ರಸ್ತೆಯಲ್ಲಿ ಸಂಜೆ ನಡೆದರೆ ಪ್ರತಿ ಎರಡನೆಯವರ ಕಂಕುಳಲ್ಲಿ ಫ್ಲಾಸ್ಕ್, ಅದೇ ಕೈಯಲ್ಲಿ ಬುರುಡೆ. ಇನ್ನೊಂದು ಕೈ ಮಗುವಿನ ಕೈ ಹಿಡಿದಿರುತ್ತದೆ.

ದಕ್ಷಿಣ ಬ್ರೆಜಿಲಿನವರ ಬಿಸಿ ಮಾತೆಯಾದ ಶಿಮರ್ರಾಂವ್‌ಗೆ ಗಿಣಿ ಹಸಿರು ಬಣ್ಣದ, ಗೋರಂಟಿ ಪುಡಿಯಷ್ಟು ನಯವಾದ ಯೆರ್ಬಾ. ಅಲ್ಲಿನ ಬುರುಡೆಯ ಹೆಸರು ಕುಯಾ. ಸೊಂಟ ಸಣ್ಣ, ಮೇಲೆ ತಾವರೆಯ ಹಾಗೆ ಅರಳಿದ ಬಾಯಿ, ಗಾತ್ರವೂ ದೊಡ್ಡದು. ಅರ್ಜೆಂಟೀನಾದ ಸಣ್ಣ ಬುರುಡೆಗೆ ಬ್ರೆಜಿಲ್ ಪುಡಿ ಹಾಕಿದರೆ ಕೊಳವೆ ಕಟ್ಟಿಕೊಳ್ಳುತ್ತದೆ, ಆಗ ತಪ್ಪು ಬುರುಡೆಯದ್ದೂ ಅಲ್ಲ, ಪುಡಿಯದ್ದೂ ಅಲ್ಲ.

ಒಬ್ಬರೇ ಕುಡಿಯುವವರು ಚಿಕ್ಕದೇ ಕೊಳ್ಳಿ. ಬುರುಡೆಯ ಮುಕ್ಕಾಲು ಭಾಗ ಸೊಪ್ಪೇ ತುಂಬುವುದರಿಂದ ದೊಡ್ಡ ಬುರುಡೆ ದಿನಾ ಬಹಳ ಯೆರ್ಬಾ ತಿನ್ನುತ್ತದೆ. ನಮ್ಮ ಊರುಗಳಲ್ಲಿ ಒಂದು ಕಿಲೋ ತರಿಸಲು ಎಷ್ಟು ಆಗುತ್ತದೆ ಅಂತ ತರಿಸಿದವರಿಗೆ ಗೊತ್ತು.

ಪಳಗಿಸುವುದು

ಸೋರೆಗೂ ಮರಕ್ಕೂ ಪಳಗಿಸುವ ಕೆಲಸ ಇದೆ. ಗಾಜು, ಸ್ಟೀಲ್, ಪಿಂಗಾಣಿಗೆ ಏನೂ ಬೇಡ, ತೊಳೆದು ಶುರು ಮಾಡಿ.

ಸೋರೆಯನ್ನು ಮೊದಲು ಬಿಸಿನೀರಿನಲ್ಲಿ ತೊಳೆಯಿರಿ. ಕುಡಿದು ಮುಗಿಸಿದ ಒದ್ದೆ ಯೆರ್ಬಾ ಇದ್ದರೆ ಅದನ್ನೇ ತುಂಬಿ, ಇಲ್ಲದಿದ್ದರೆ ಹೊಸದು. ಮೇಲೆ ಬಿಸಿನೀರು ಹಾಕಿ 24 ಗಂಟೆ ಬಿಡಿ. ನೀರು ಇಂಗಿದ ಹಾಗೆ ಮತ್ತೆ ಸ್ವಲ್ಪ ಹಾಕುತ್ತಿರಿ. ಮರುದಿನ ಸೊಪ್ಪು ತೆಗೆದು, ಟೀ ಚಮಚದ ಅಂಚಿನಿಂದ ಒಳಗೋಡೆಯನ್ನು ಮೆಲ್ಲಗೆ ಕೆರೆಯಿರಿ. ನೆನೆದ ತಿರುಳು ತೆಂಗಿನ ಗಂಜಿಯ ಹಾಗೆ ಮೆತ್ತಗೆ, ಪದರ ಪದರವಾಗಿ ಏಳುತ್ತದೆ. ಕೆಳಗಿನ ಗಟ್ಟಿ ಪದರ ಬಂದಾಗ ಚಮಚದ ಸದ್ದೇ ಬದಲಾಗುತ್ತದೆ, ಮೆತ್ತನೆ ಸದ್ದು ಹೋಗಿ ಕರಕರ ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಿ.

ತಳದ ನಡುವೆ ಒಂದು ಸಣ್ಣ ಗುಬುಟು ಇದ್ದರೆ ಅದನ್ನು ಮುಟ್ಟಬೇಡಿ, ಅದು ತೊಟ್ಟಿನ ಜಾಗ. ನನ್ನ ಎರಡನೇ ಬುರುಡೆಯಲ್ಲಿ ಅದನ್ನು ಕೊಳೆ ಅಂದುಕೊಂಡು ಕೆರೆದು ಕಿತ್ತೆ. ತೂತು ಬಿತ್ತು. ಆ ಬುರುಡೆಯಲ್ಲಿ ಈಗ ಪೆನ್ನು ಇಟ್ಟಿದ್ದೇನೆ.

ಹೀಗೆ ಎರಡು ಮೂರು ದಿನ ಮಾಡಿ. ಮೊದಲ ದಿನದ ನೀರು ಬಹಳ ಕಹಿ, ಅದನ್ನು ಕುಡಿಯಬೇಡಿ, ಚೆಲ್ಲಿ. ಕಹಿ ಸೋರೆಕಾಯಿ ತಿನ್ನಬಾರದು ಅಂತ ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ, ಕಾರಣ ಅದೇ. ಊರಿನ ಹಿತ್ತಲಲ್ಲಿ ಬಲಿತ ಸೋರೆಯಿಂದ ತಾವೇ ಬುರುಡೆ ಮಾಡಿಕೊಳ್ಳಬಹುದಾ ಅಂತ ಕೆಲವರು ನನ್ನನ್ನು ಕೇಳಿದ್ದಾರೆ. ಮಾಡಬಹುದು. ಬಳ್ಳಿಯಲ್ಲೇ ಚಿಪ್ಪು ಗಟ್ಟಿಯಾಗುವವರೆಗೆ ಬಿಟ್ಟು, ಕೊಯ್ದು, ಗಾಳಿ ಆಡುವ ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಿ, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಆದರೆ ತರಕಾರಿಗೆ ಬೆಳೆಯುವ ತಳಿಗಳ ಚಿಪ್ಪು ತೆಳು. ಮತ್ತೆ ನೆನೆಸಿದ ನೀರಿನಲ್ಲಿ ಕಹಿ ಪೂರ್ತಿ ಹೋಗುವ ತನಕ ನೆನೆಸುತ್ತಾ ಚೆಲ್ಲುತ್ತಾ ಇರಬೇಕು. ಕಹಿ ಹೋಗದಿದ್ದರೆ ಅದರಲ್ಲಿ ಕುಡಿಯಲೇಬೇಡಿ.

ಮರಕ್ಕೆ ಬೇರೆ ಕ್ರಮ. ಉಪ್ಪಿಲ್ಲದ ಬೆಣ್ಣೆಯನ್ನು ಒಳಗೆ ಎಲ್ಲ ಕಡೆ ಬೆರಳಿನಿಂದ ಹಚ್ಚಿ ಒಂದು ರಾತ್ರಿ ಬಿಡುತ್ತಾರೆ. ಮರ ಕೊಬ್ಬು ಕುಡಿದರೆ ನೀರು ಕುಡಿಯುವುದು ಕಡಿಮೆ, ಬಿರುಕು ಬಿಡುವುದೂ ಕಡಿಮೆ. ಬೆಳಗ್ಗೆ ಒರೆಸಿ, ಬಿಸಿನೀರಿನಲ್ಲಿ ತೊಳೆದು, ಒದ್ದೆ ಯೆರ್ಬಾ ತುಂಬಿ ಒಂದು ದಿನ ಇಡಿ. ಸೋರೆಗೆ ಬೆಣ್ಣೆ ಹಚ್ಚಬೇಡಿ, ಹಳಸುತ್ತದೆ.

ದಿನದ ಆರೈಕೆ

ದೊಡ್ಡ ಕೆಲಸ ಏನಿಲ್ಲ, ಆದರೆ ತಪ್ಪಿಸಬಾರದು. ಕುಡಿದು ಮುಗಿದ ತಕ್ಷಣ ಸೊಪ್ಪು ತೆಗೆಯಿರಿ. ಬಿಸಿನೀರು ಹಾಕಿ ಕುಲುಕಿ ಚೆಲ್ಲಿ. ಸೋಪು ಬೇಡ, ಡಿಶ್‌ವಾಷರ್ ಬೇಡ. ಒಳಗನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ, ಗಾಳಿ ಬರುವಲ್ಲಿ ಅಡ್ಡ ಮಲಗಿಸಿ. ಬೋರಲು ಹಾಕಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಕಡು ಬಿಸಿಲಿಗೂ ಇಡಬೇಡಿ, ಬೇಗ ಒಣಗಿ ಸೀಳುತ್ತದೆ. ಎಳೆ ಬಿಸಿಲು ಒಳ್ಳೆಯದು.

ಊರಿಗೆ ವಾಪಸ್ ಬಂದ ಮೇಲೆ ಈ ಆರೈಕೆ ಕಷ್ಟವಾಯಿತು. ನಾನಿರುವುದು ಮಂಗಳೂರಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ, ಬುರುಡೆ ಎಲ್ಲಿಂದ ಒಣಗಬೇಕು? ಮೊದಲ ಮಳೆಗಾಲದಲ್ಲೇ ಹೊರಮೈ ಮೇಲೂ ಬೂಷ್ಟು ಬಂತು. ಈಗ ಎರಡು ಬುರುಡೆ ಇಟ್ಟುಕೊಂಡಿದ್ದೇನೆ, ಒಂದು ದಿನ ಒಂದು, ಮರುದಿನ ಇನ್ನೊಂದು. ಪ್ರತಿಯೊಂದಕ್ಕೂ ಒಣಗಲು ಹೆಚ್ಚುಕಡಿಮೆ ಎರಡು ದಿನ ಸಿಗುತ್ತದೆ. ಜುಲೈನ ಜಡಿ ಮಳೆಯಲ್ಲಿ ಎರಡನ್ನೂ ಚೆನ್ನಾಗಿ ಒಣಗಿಸಿ, ಕಾಗದದಲ್ಲಿ ಸುತ್ತಿ, ಅಕ್ಕಿ ಡಬ್ಬದಲ್ಲಿ ಹೂತಿಟ್ಟು ಗಾಜಿನದ್ದರಲ್ಲಿ ಕುಡಿಯುತ್ತೇನೆ. ಕರಾವಳಿ, ಮಲೆನಾಡಿನವರು ಮೊದಲ ಸಲ ಕೊಳ್ಳುವುದಾದರೆ ಮಳೆ ಮುಗಿದ ಮೇಲೆ, ದೀಪಾವಳಿ ಹೊತ್ತಿಗೆ ಕೊಳ್ಳಿ. ಬಯಲುಸೀಮೆಯವರಿಗೆ ಈ ಚಿಂತೆ ಇಲ್ಲ, ಅವರು ಬಿರುಕಿನ ಕಡೆ ಗಮನ ಕೊಡಲಿ.

ಬೂಷ್ಟು ಬಂದೇಬಿಟ್ಟರೆ ನೋಡಬೇಕಾದ್ದು ಅದು ಎಷ್ಟು ಆಳ ಹೋಗಿದೆ ಅಂತ. ಬರೀ ಸೊಪ್ಪಿನ ಮೇಲೆ ಇದ್ದರೆ ಸೊಪ್ಪು ಚೆಲ್ಲಿ, ಕುದಿಯುವ ನೀರು ತುಂಬಿ ಹತ್ತು ನಿಮಿಷ ಬಿಟ್ಟು, ಚಮಚದಿಂದ ಕೆರೆದು, ಮತ್ತೆ ಕುದಿನೀರು ಹಾಕಿ, ಪೂರ್ತಿ ಒಣಗಿಸಿ. ಆಮೇಲೆ ಮೂಸಿ ನೋಡಿ. ಒಣ ಹುಲ್ಲಿನ ವಾಸನೆ ಬಂದರೆ ಉಳಿಯಿತು. ಮಣ್ಣು ನೆನೆದ ಮುಗ್ಗಲು ವಾಸನೆ ಬಂದರೆ, ಗೋಡೆಯೊಳಗೆ ಕಪ್ಪು ಚುಕ್ಕೆ ಇಳಿದಿದ್ದರೆ, ಎಷ್ಟೇ ಪ್ರೀತಿಯದ್ದಾದರೂ ಎಸೆಯಿರಿ. ದಿನಾ ಬಾಯಿಗೆ ಹೋಗುವ ವಸ್ತು.

ಬೊಂಬಿಶಾವನ್ನೂ ಮರೆಯಬೇಡಿ. ತುದಿಯ ಜರಡಿ ಬಿಚ್ಚಲು ಬರುವಂಥ ಸ್ಟೀಲಿನದ್ದು ಒಳ್ಳೆಯದು. ಎರಡು ವಾರಕ್ಕೊಮ್ಮೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ. ಮೊದಲ ಸಲ ಕುದಿಸಿದಾಗ ಹೊರಬರುವ ಕಂದು ನೀರು ನೋಡಿದರೆ ಮುಂದೆ ಯಾರೂ ನೆನಪಿಸಬೇಕಾಗಿಲ್ಲ.

ಕುಡಿಯುವ ಮಾತೆಗೆ ಹಾಕುವ ನೀರು ಕುದಿಯಬಾರದು. 70ರಿಂದ 80 ಡಿಗ್ರಿ ಸಾಕು. ದಿನಾ ಕುದಿನೀರು ಹಾಕಿದರೆ ಸೊಪ್ಪೂ ಸುಡುತ್ತದೆ, ಬುರುಡೆಯೂ ಸೀಳುತ್ತದೆ. ಆರೋಗ್ಯದ ಮಾತೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ, 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯ ಕುಡಿಯುವುದು ಬಹುಶಃ ಅನ್ನನಾಳದ ಕ್ಯಾನ್ಸರಿಗೆ ಕಾರಣ ಆಗುತ್ತದೆ ಅಂತ ಹೇಳಿತು. ಅವರು ಬೊಟ್ಟು ಮಾಡಿದ್ದು ಸೊಪ್ಪಿನ ಕಡೆಗಲ್ಲ, ಬಿಸಿಯ ಕಡೆಗೆ. ಲೋಹದ ಕೊಳವೆ ಬಿಸಿಯನ್ನು ನೇರ ಗಂಟಲಿಗೆ ಒಯ್ಯುತ್ತದೆ. ನಾನು 70ಕ್ಕೆ ಇಳಿದ ನೀರು ಹಾಕಿ, ಅರ್ಧ ನಿಮಿಷ ಬಿಟ್ಟು, ಸಣ್ಣ ಗುಟುಕಿನಲ್ಲಿ ಹೀರುತ್ತೇನೆ.

ಹಂಚಿ ಕುಡಿಯುವುದಾದರೆ

ಅಲ್ಲಿ ಮಾತೆ ಒಬ್ಬರ ಪಾನೀಯ ಅಲ್ಲ. ಒಂದೇ ಬುರುಡೆ, ಒಂದೇ ಕೊಳವೆ, ಸುತ್ತ ಆರೇಳು ಜನ. ಒಬ್ಬರು ನೀರು ಹಾಕಿ ಕೊಡುತ್ತಾರೆ, ಪಡೆದವರು ಪೂರ್ತಿ ಕುಡಿದು ವಾಪಸ್ ಕೊಡುತ್ತಾರೆ, ಮತ್ತೆ ನೀರು, ಮುಂದಿನವರಿಗೆ. 'ಗ್ರಾಸಿಯಾಸ್' ಅಂದರೆ ಇನ್ನು ನನಗೆ ಸಾಕು ಅಂತ ಅರ್ಥ. ಇದು ತಿಳಿಯದೆ ನಾನು ಮೊದಲ ಗುಟುಕಿಗೇ ಧನ್ಯವಾದ ಹೇಳಿದೆ. ಆ ಸುತ್ತಿನಲ್ಲಿ ಮತ್ತೆ ಬುರುಡೆ ನನ್ನ ಕಡೆ ಬರಲೇ ಇಲ್ಲ.

ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಲು ಕಲಿತ ಮನೆಯವಳು ನಾನು. ಎಂಜಲು ಅನ್ನುವ ಮಾತು ನಮ್ಮ ಮೈಗೆ ಎಷ್ಟು ಹತ್ತಿದೆ ಅಂತ ಆ ದಿನ ಗೊತ್ತಾಯಿತು. ಇಲ್ಲಿ ಮನೆಗೆ ಬಂದವರಿಗೆ ನಾನು ಒತ್ತಾಯ ಮಾಡುವುದಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಸಣ್ಣ ಗಾಜಿನ ಲೋಟ, ಒಂದೊಂದು ಕೊಳವೆ. ಸಿರಿಯಾ, ಲೆಬನಾನ್‌ನಲ್ಲೂ ಮಾತೆ ಬಹಳ ಜನಪ್ರಿಯ. ದಕ್ಷಿಣ ಅಮೆರಿಕಕ್ಕೆ ವಲಸೆ ಹೋಗಿ ವಾಪಸ್ ಬಂದವರು ತಂದ ಅಭ್ಯಾಸ ಅದು. ಅಲ್ಲೂ ಸಣ್ಣ ಗಾಜಿನ ಲೋಟಗಳಲ್ಲೇ ಕುಡಿಯುತ್ತಾರೆ. ಹಾಗಾಗಿ ಹಂಚುವ ಮನೆಯಾದರೆ ದೊಡ್ಡ ಇಂಪೆರಿಯಾಲ್ ಒಂದರ ಬದಲು ಸಣ್ಣ ಗಾಜಿನವು ನಾಲ್ಕು ಕೊಳ್ಳಿ, ಎಲ್ಲರೂ ನಿರಾಳವಾಗಿ ಕುಡಿಯುತ್ತಾರೆ.

ವಿದೇಶದಲ್ಲಿರುವವರಿಗೆ ಒಂದು ಮಾತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದೇಶಗಳಿಗೆ ಸೋರೆ, ಮರದ ವಸ್ತು ಒಯ್ಯುವಾಗ ವಿಮಾನ ನಿಲ್ದಾಣದಲ್ಲಿ ತಪ್ಪದೆ ಘೋಷಿಸಿ. ಒಳಗೆ ಬೀಜ, ತಿರುಳು ಉಳಿದಿರದ ಹಾಗೆ ಮೊದಲೇ ಕೆರೆದು ಒಣಗಿಸಿಡಿ.

ಅಜ್ಜಿಯ ಪ್ರಶ್ನೆಗೆ ನಾನು ಆವತ್ತು "ದಿನಾ ಕುಡೀತೀನಿ" ಅಂತ ಉತ್ತರ ಕೊಟ್ಟಿದ್ದೆ. ಅವರು ಕಪಾಟಿನಿಂದ ಒಂದು ಬುರುಡೆ ತೆಗೆದರು. ಕೆತ್ತನೆ ಇಲ್ಲ, ಲೋಹದ ಪಟ್ಟಿ ಇಲ್ಲ, ಕೈಯಲ್ಲಿ ಸವೆದು ಸವೆದು ಹುಣಸೆ ಬೀಜದ ಬಣ್ಣಕ್ಕೆ ಬಂದ ಕುಳ್ಳ ಕಮಿಯೊನೆರೊ. ಒಳಗೆ ಮೂಸಿದರೆ ಒಣ ಹುಲ್ಲಿನ ವಾಸನೆ. ಈಗ ನನ್ನ ಬಳಿ ಇರುವ ಎರಡರಲ್ಲಿ ಒಂದು ಅದೇ, ಇವತ್ತು ಅದರ ಸರದಿ.